ಗೋಡೆ ಅಲಗಾಡಬೇಕೋ, ಮಾತು ಕೇಳಬೇಕೋ

ಕೊಪ್ಪಳ
ಭಾನುವಾರ, 1 ಫೆಬ್ರವರಿ 2026

ಭಾವ ಹೋಂ ಥಿಯೇಟರ್ ತಂದದ್ದು ಗವಿಮಠದ ಜಾತ್ರೆಗೂ ಮೊದಲು. ಸ್ಪೀಕರುಗಳಿಗೆಲ್ಲ ಸದ್ದು ಹಂಚುವ ರಿಸೀವರ್, ಐದು ಸ್ಪೀಕರ್, ತಗ್ಗು ಸ್ವರಕ್ಕೆಂದೇ ಇರುವ ಒಂದು ಸಬ್‌ವೂಫರ್. ಅಂಗಡಿಯ ಹುಡುಗ ವೈರ್ ಸಿಗಿಸಿ, ಹೊಡೆದಾಟದ ಸೀನೊಂದನ್ನು ಜೋರಾಗಿ ಹಚ್ಚಿ ತೋರಿಸಿ, ಚಹಾ ಕುಡಿದು ಹೋದನಂತೆ. ಅಂದಿನಿಂದ ಮನೆಯಲ್ಲಿ ಎರಡು ಪಕ್ಷ. ಭಾವಂದು "ಗ್ವಾಡಿ ಅಲಗಾಡಬೇಕು ನೋಡಪಾ". ಅಕ್ಕಂದು "ಯಾರು ಏನ್ ಮಾತಾಡಕತ್ತಾರ ಒಂದೂ ತಿಳಿವಲ್ದು". ನಾನು ಅಕ್ಕನ ಪಕ್ಷ. ಮಾತೇ ಕೇಳದಿದ್ದರೆ ಥಿಯೇಟರ್ ಎಷ್ಟು ಲಕ್ಷದ್ದಾದರೇನು?

ಬೆಳಗ್ಗೆ ಹೋದವನೇ ಯಾವ ಬಟನ್ನೂ ಮುಟ್ಟದೆ ಹಾಲ್ ನಡುವೆ ನಿಂತು ಒಂದು ಚಪ್ಪಾಳೆ ಹೊಡೆದೆ. ಟರ್ರ್ ಅಂತ ಸದ್ದು ಗೋಡೆಯಿಂದ ಗೋಡೆಗೆ ಓಡಿತು. ಕೆಳಗೆ ನುಣುಪಾದ ಶಹಾಬಾದಿ ಕಲ್ಲು, ಮೇಲೆ ಆರ್‌ಸಿಸಿ, ಎರಡೂ ಬದಿ ಬೋಳು ಗೋಡೆ. ಬಿಸಿಲೂರಿನ ಮನೆಗೆ ಇದು ತಂಪು, ಒಪ್ಪಿದೆ. ಸ್ಪೀಕರಿಗೆ ಮಾತ್ರ ಇಂಥ ಕೋಣೆ ಬಾವಿ ಇದ್ದಂಗ. ನೇರವಾಗಿ ಬಂದ ಮಾತಿನ ಬೆನ್ನಿಗೇ ಗೋಡೆಗೆ ಬಡಿದು ಬಂದದ್ದೂ ಕಿವಿಗೆ ಬೀಳುತ್ತದೆ, ಅಕ್ಷರಗಳು ಕಲಸಿಹೋಗುತ್ತವೆ.

ಅಡ್ಡಗೋಡೆಗಳಲ್ಲಿ ಎಲ್ಲಿಂದ ಸದ್ದು ಪುಟಿಯುತ್ತದೆ ಅಂತ ಹುಡುಕಲು ಕನ್ನಡಿ ಸಾಕು. ನಾನು ಸೋಫಾದಲ್ಲಿ ಕೂತೆ, ಅಳಿಯ ಕನ್ನಡಿಯನ್ನು ಗೋಡೆಗುಂಟ ಸರಿಸುತ್ತ ಹೋದ. ಯಾವ ಜಾಗದಲ್ಲಿ ಅದರೊಳಗೆ ಸ್ಪೀಕರ್ ಕಂಡಿತೋ ಅಲ್ಲಿ ಸೀಮೆಸುಣ್ಣದ ಗುರುತು. ಅಲ್ಲಿಗೆ ಕೌದಿ ತೂಗುಹಾಕೋಣ ಅಂದೆ. ಅಕ್ಕನ ಮುಖ ಕೆಂಪಾಯಿತು. ಅತ್ತೆ ಹೊಲಿದ ಕೌದಿಗೆ ಮೊಳೆ ಹೊಡೆಯಲು ಬಿಡುವವಳಲ್ಲ. ಕೊನೆಗೆ ಟ್ರಂಕಿನ ತಳದಿಂದ ಎರಡು ಹಳೆಯವು ಹೊರಬಂದವು. ಪರದೆಯ ಕೋಲಿಗೆ, ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ಇಳಿಬಿಟ್ಟೆವು; ಹಿಂದೆ ಗಾಳಿಯ ಸಂದಿದ್ದರೆ ಬಟ್ಟೆ ಸದ್ದನ್ನು ಇನ್ನಷ್ಟು ಹೀರುತ್ತದೆ. ನೆಲಕ್ಕೆ ಜಮಖಾನ. ಮತ್ತೆ ಚಪ್ಪಾಳೆ ಹೊಡೆದರೆ ಟರ್ರ್ ಇಲ್ಲ. ಇಷ್ಟಕ್ಕೆ ಒಂದು ರೂಪಾಯಿ ಖರ್ಚಾಗಿಲ್ಲ. ಜನ ಸಾವಿರಗಟ್ಟಲೆ ಕೊಟ್ಟು ದಪ್ಪ ವೈರ್ ಕೊಳ್ಳುವುದನ್ನು ನೋಡಿದಾಗ ನನಗೆ ಕೌದಿಯೇ ನೆನಪಾಗುತ್ತದೆ.

ಆದರೆ ಕೌದಿ ಗುಮ್ಮೆನ್ನುವ ತಗ್ಗು ಸ್ವರಕ್ಕೆ ಏನೂ ಮಾಡಲಾರದು. ಹಾಲ್ ಉದ್ದ 14 ಅಡಿ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಲೆಕ್ಕ ಹಾಕಿದರೆ ಈ ಉದ್ದಕ್ಕೆ 40 ಹರ್ಟ್ಜ್ (ಸೆಕೆಂಡಿಗೆ 40 ಕಂಪನ) ಸುತ್ತಲಿನ ಸ್ವರ ಕೋಣೆಯಲ್ಲೇ ಸಿಕ್ಕಿಹಾಕಿಕೊಂಡು ಗುಂಯ್ಗುಡುತ್ತದೆ. ಅದು ಹೆಚ್ಚು ಕೇಳುವುದು ಗೋಡೆಗೆ ಅಂಟಿದಲ್ಲಿ, ತೀರಾ ಕಮ್ಮಿ ಕೇಳುವುದು ಕೋಣೆಯ ನಟ್ಟನಡುವೆ. ಸೋಫಾ ಹಿಂದಿನ ಗೋಡೆಗೇ ಅಂಟಿತ್ತು. ಕಿವಿ ಗೋಡೆಯಿಂದ 3 ಅಡಿ ಮುಂದೆ ಬರುವಂತೆ ಎಳೆದೆವು. ಅಲ್ಲಿಂದ ಮುಂದಿನ ಸ್ಪೀಕರುಗಳ ಸಾಲಿಗೆ ಒಂಬತ್ತೂವರೆ ಅಡಿ. ಎಡಬಲದ ಸ್ಪೀಕರುಗಳ ನಡುವೆ 8 ಅಡಿ ಬಿಟ್ಟರೆ ಕೂತವನ ನೇರ ನೋಟದಿಂದ ಒಂದೊಂದು ಬದಿಗೆ ಹತ್ತಿರಹತ್ತಿರ 23 ಡಿಗ್ರಿ ಕೋನ. ಸಿನಿಮಾ ಸದ್ದಿನ ತಂತ್ರಜ್ಞಾನದ ಕಂಪನಿ ಡಾಲ್ಬಿಯವರು ಹೇಳುವುದು 22ರಿಂದ 30. ನಡೀತದ.

ಸಬ್‌ವೂಫರ್ ಜಾಗ ಹುಡುಕುವ ಕೆಲಸ ನೋಡಲು ಮಜಾ. ಅದನ್ನೇ ಎತ್ತಿ ಸೋಫಾ ಮೇಲೆ, ನಾವು ಕೂರುವಲ್ಲಿ ಕೂರಿಸಬೇಕು. ತಗ್ಗು ಸ್ವರದ ಹಾಡು ಹಚ್ಚಿ, ನಾವು ಗೋಡೆಗುಂಟ ಅಂಬೆಗಾಲಿಡಬೇಕು. ಎಲ್ಲಿ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ, ಊದಿಕೊಳ್ಳದೆ ಕೇಳುತ್ತದೋ ಅದೇ ಅದರ ಜಾಗ. ಭಾವನೇ ಅಂಬೆಗಾಲಿಟ್ಟ. ಪಕ್ಕದ ಮನೆಯ ಅಜ್ಜಿ ಬಾಗಿಲಲ್ಲಿ ಇಣುಕಿ "ಏನ್ ಕಳಕೊಂಡೀರಿ?" ಅಂದಳು. ಮೂಲೆಯಲ್ಲಿ ಗುಡುಗು ಜಾಸ್ತಿ, ಭಾವನಿಗೆ ಅದೇ ಬೇಕಿತ್ತು. ಅಷ್ಟರಲ್ಲಿ ಶೋಕೇಸಿನ ಗಾಜೂ ಅದರೊಳಗಿನ ಕಿನ್ನಾಳದ ಗೊಂಬೆಗಳೂ ಗಿರಗಿರ ನಡುಗತೊಡಗಿದವು. ಅಕ್ಕ ಸೊಂಟದ ಮೇಲೆ ಕೈ ಇಟ್ಟಳು. ಮೂಲೆಯ ಮಾತು ಅಲ್ಲಿಗೇ ನಿಂತಿತು. ಟಿವಿಯ ಬಲಕ್ಕೆ, ಮೂಲೆಯಿಂದ ಈಚೆಗೆ ಜಾಗ ಗಟ್ಟಿಯಾಯಿತು. ಗಾಜಿನ ಅಂಚಿಗೆ ಸಣ್ಣ ರಬ್ಬರ್ ತುಂಡುಗಳನ್ನು ಸಿಗಿಸಿದೆ.

ಸೆಂಟರ್ ಸ್ಪೀಕರ್ ಕಪಾಟಿನ ಗೂಡಿನೊಳಗೆ ಹುದುಗಿತ್ತು. ಸಿನಿಮಾದ ಮಾತೆಲ್ಲ ಬಹುಪಾಲು ಬರುವುದೇ ಅದರಿಂದ. ಅಂಚಿಗೆ ಎಳೆದು, ಮೂತಿ ಕಿವಿಯ ಕಡೆ ತುಸು ಎತ್ತಿಟ್ಟೆ. ಆದರೂ ಅದು ಬಾಯಿ ಬಿಡಲೊಲ್ಲದು. ಟಿವಿಯ ಸೆಟ್ಟಿಂಗಿನಲ್ಲಿ ಆಡಿಯೋ ಔಟ್‌ಪುಟ್ ಪಿಸಿಎಂ ಅಂತಿತ್ತು! ಪಿಸಿಎಂ ಅಂದರೆ ಟಿವಿಯೇ ಬಿಡಿಸಿ ಕೊಡುವ ಸದ್ದು. ಟಿವಿಯ ಸದ್ದನ್ನು ರಿಸೀವರಿಗೆ ಒಯ್ಯುವ ಎಚ್‌ಡಿಎಂಐ ಎಆರ್‌ಸಿಯಲ್ಲಿ ಅದನ್ನಿಟ್ಟರೆ ದಾಟುವುದು ಎರಡೇ ಚಾನೆಲ್, ಅಂದರೆ ಎಡ ಮತ್ತು ಬಲ. ಜಾತ್ರೆಯಿಂದ ಇಲ್ಲಿಯವರೆಗೆ ಸೆಂಟರೂ ಹಿಂದಿನ ಎರಡೂ ಮೂಕವಾಗಿದ್ದವು, ಯಾರಿಗೂ ಗೊತ್ತಾಗಿರಲಿಲ್ಲ. ಸದ್ದನ್ನು ಬಿಡಿಸದೆ ಹಾಗೇ ರಿಸೀವರಿಗೆ ದಾಟಿಸುವ ಬಿಟ್‌ಸ್ಟ್ರೀಮಿಗೆ ಬದಲಿಸಿದ್ದೇ ಮಾತು ಟಿವಿಯ ನಡುವಿಂದ ಬಂತು.

ಆಮೇಲೆ ರಿಸೀವರಿನ ಜೊತೆ ಬಂದ ಪುಟ್ಟ ಮೈಕನ್ನು ಕಿವಿಯ ಎತ್ತರಕ್ಕೆ ನಿಲ್ಲಿಸಿ, ಫ್ಯಾನ್ ಆರಿಸಿ, ಆಟೋ ಸೆಟಪ್ ಓಡಿಸಿದೆ. ದೂರ, ಮಟ್ಟ ಎಲ್ಲ ಅದೇ ಅಳೆಯಿತು. ಮುಂದಿನ ಸ್ಪೀಕರುಗಳನ್ನು "ಲಾರ್ಜ್" (ತಗ್ಗು ಸ್ವರವನ್ನೂ ತಾವೇ ಹೊರುವಂಥವು) ಅಂತ ಬರೆದುಕೊಂಡದ್ದನ್ನು ಮಾತ್ರ ನಾನು ಒಪ್ಪಲಿಲ್ಲ. ಅಂಗೈಯಗಲದ ಕೋನಿನ ಸ್ಪೀಕರಿಗೆ 40 ಹರ್ಟ್ಜ್ ಹೊರಿಸುವುದು ನ್ಯಾಯವಲ್ಲ. "ಸ್ಮಾಲ್" ಮಾಡಿ ಕ್ರಾಸ್‌ಓವರ್, ಅಂದರೆ ಸ್ವರ ಹಂಚುವ ಗಡಿ, 80 ಹರ್ಟ್ಜ್‌ಗೆ ಇಟ್ಟೆ; ಕೆಳಗಿನದೆಲ್ಲ ಸಬ್‌ವೂಫರಿನ ಪಾಲು. ಟೆಸ್ಟ್ ಟೋನ್ ಹಚ್ಚಿ ಐದೂ ಸ್ಪೀಕರ್ 75 ಡೆಸಿಬೆಲ್ ಆಸುಪಾಸಿಗೆ ಬಂದಿವೆಯೇ ಅಂತ ಫೋನಿನ ಆ್ಯಪಿನಲ್ಲಿ ನೋಡಿದೆ. ಫೋನಿನ ಮೈಕನ್ನು ಸಬ್‌ವೂಫರಿನ ವಿಷಯಕ್ಕೆ ನಂಬುವಂತಿಲ್ಲ, ಒಂದಕ್ಕೊಂದು ಹೋಲಿಸಲು ಅಡ್ಡಿಯಿಲ್ಲ. ಸೆಂಟರನ್ನು 2 ಡೆಸಿಬೆಲ್ ಬೇಕಂತಲೇ ಏರಿಸಿದೆ. ಇದು ಅಕ್ಕನ ಪಾಲು.

ಕೇಬಲ್ ಟಿವಿಯ ವೈರ್ ಸೇರಿಸಿದರೆ ಸಬ್‌ವೂಫರ್ ಹಮ್ಮ್ ಅನ್ನುತ್ತದೆ, ತೆಗೆದರೆ ಸುಮ್ಮನಾಗುತ್ತದೆ. ಎರಡು ಕಡೆಯ ಅರ್ಥಿಂಗ್ ಜಗಳ ಅದು. ಆ ವೈರಿನ ಅರ್ಥಿಂಗ್ ಕೊಂಡಿ ಬಿಡಿಸುವ ಐಸೋಲೇಟರ್ ತರಬೇಕು.

ರಾತ್ರಿ ಊಟವಾದ ಮೇಲೆ ಎಲ್ಲರೂ ಕೂತು ಒಂದು ಹಳೇ ಸಿನಿಮಾ ನೋಡಿದೆವು. ಅಕ್ಕ ರಿಮೋಟ್ ಟೀಪಾಯಿ ಮೇಲಿಟ್ಟು ಮರೆತೇಬಿಟ್ಟಳು. ನಡುವೆ ಭಾವ ಸಬ್‌ವೂಫರನ್ನು 3 ಡೆಸಿಬೆಲ್ ಏರಿಸಿಕೊಂಡ. ನಾನು ತಡೆಯಲಿಲ್ಲ. ವಾಲ್ಯೂಮ್ ಕಮ್ಮಿ ಇದ್ದಾಗ ನಮ್ಮ ಕಿವಿಗೆ ತಗ್ಗು ಸ್ವರ ಮೊದಲು ಮಸುಕಾಗುತ್ತದೆ, ಹಾಗಾಗಿ ರಾತ್ರಿ ಹೊತ್ತು ಅವನ ಬೇಡಿಕೆಯೂ ನ್ಯಾಯವೇ. ಎಡ ಹಿಂದಿನ ಸ್ಪೀಕರಿನ ವೈರ್ ಇನ್ನೂ ಅಡುಗೆಮನೆ ಬಾಗಿಲಿಗೆ ಅಡ್ಡ ಬಿದ್ದಿದೆ. ಮಂಗಳವಾರ ಎಲೆಕ್ಟ್ರಿಷಿಯನ್ ಬಂದು ಪಟ್ಟಿ ಹೊಡೆಯುತ್ತಾನಂತೆ.