ಟ್ರಂಕಿನ ಮೇಲೆ ನಿಂತವನು

ಕತೆಯ ಹಸ್ತಪ್ರತಿ ಓದಿ ಮುಗಿಸಿದ ಅಕ್ಕ ಮೊದಲು ಕೇಳಿದ್ದು, "ಇವನಿಗೆ ವಯಸ್ಸೆಷ್ಟು?"

"42."

"ಮತ್ತೆ ಕಿಟಕಿಯಿಂದ ಹೊರಗೆ ನೋಡೋಕೆ ಟ್ರಂಕಿನ ಮೇಲೆ ಯಾಕೆ ಹತ್ತುತ್ತಾನೆ?"

ನನ್ನಲ್ಲಿ ಉತ್ತರವಿರಲಿಲ್ಲ. ಆ ಸಾಲನ್ನು ಹತ್ತಾರು ಸಲ ತಿದ್ದಿದ್ದೆ. ಕಾಲಿಟ್ಟಾಗ ಟ್ರಂಕಿನ ತಗಡು ತಗ್ಗಿ, ಕಾಲು ತೆಗೆದಾಗ ಮತ್ತೆ ಉಬ್ಬುವ ಸದ್ದಿಗೆ ಸರಿಯಾದ ಪದ ಸಿಗದೆ ಒಂದು ಇಡೀ ಬೆಳಗ್ಗೆ ಕಳೆದಿದ್ದೆ. ಆದರೆ ಬೆಳೆದ ಗಂಡಸಿಗೆ ಟ್ರಂಕು ಯಾಕೆ ಬೇಕು ಎಂದು ಒಮ್ಮೆಯೂ ಅನ್ನಿಸಿರಲಿಲ್ಲ.

ಅಕ್ಕ ಹಾಳೆಗಳನ್ನು ಮಡಿಲಲ್ಲಿಟ್ಟುಕೊಂಡು ತುಸು ಹೊತ್ತು ಸುಮ್ಮನಿದ್ದಳು. ಆಮೇಲೆ ಮೆಲ್ಲಗೆ, "ಇದು ನಮ್ಮ ಹಳೇ ಬಾಡಿಗೆ ಮನೆ ಕಣೋ" ಅಂದಳು.

ನಾನು ಒಪ್ಪಲಿಲ್ಲ. ಆ ಮನೆಯನ್ನು ಪೂರ್ತಿ ಕಲ್ಪಿಸಿಕೊಂಡೇ ಬರೆದಿದ್ದೆ, ಹಾಗೆಂದು ಗಟ್ಟಿಯಾಗಿ ನಂಬಿದ್ದೆ. ನನ್ನ ಕತೆಯ ಮನೆ ದೊಡ್ಡದು, ಊರು ಬೇರೆ, ಮನೆಮಂದಿ ಬೇರೆ. ಆದರೆ ಅಕ್ಕ ಬಿಡಲಿಲ್ಲ. ಬಾಗಿಲು ದಾಟಿದರೆ ಕತ್ತಲೆಯ ನಡುಮನೆ, ಎಡಕ್ಕೆ ಮೆಟ್ಟಿಲು, ಮೆಟ್ಟಿಲ ಕೆಳಗೆ ಬೇಡದ ಸಾಮಾನು, ಹಿಂದಿನ ಕೋಣೆಯ ಗೋಡೆಯಲ್ಲಿ ಎತ್ತರಕ್ಕೊಂದು ಪುಟ್ಟ ಕಿಟಕಿ. ಒಂದೊಂದನ್ನೂ ಬೆರಳಿಟ್ಟು ತೋರಿಸಿದಳು. ಕಪಾಟಿನಿಂದ ನನ್ನ ಹಳೆಯ ಕತೆಗಳನ್ನೂ ತೆಗೆದೆವು. ಏಳು ಕತೆಗಳಲ್ಲಿ ನಾಲ್ಕರಲ್ಲಿ ಮೆಟ್ಟಿಲು ಎಡಕ್ಕೇ ಇತ್ತು. ಒಂದರಲ್ಲಂತೂ ಅದು ಕಚೇರಿಯ ಕಟ್ಟಡ. ಅಲ್ಲೂ ಮೆಟ್ಟಿಲ ಕೆಳಗೆ ಒಡೆದ ಕುರ್ಚಿಗಳನ್ನು ಪೇರಿಸಿಟ್ಟಿದ್ದೆ.

ನಾವು ಆ ಮನೆ ಬಿಟ್ಟಾಗ ನನಗೆ ಎಂಟು ವರ್ಷ, ಅಕ್ಕನಿಗೆ 13. ಆ ಮನೆ ಈಗಿಲ್ಲ, ಕೆಡವಿ ಬಹಳ ಕಾಲವಾಯಿತು. ಹೋಗಿ ನೋಡುವ ದಾರಿಯಿಲ್ಲ. ಹಾಗಾಗಿ ಇಬ್ಬರೂ ಒಂದೊಂದು ಹಾಳೆ ತೆಗೆದುಕೊಂಡು, ಒಬ್ಬರದನ್ನೊಬ್ಬರು ನೋಡದೆ ಮನೆಯ ನಕ್ಷೆ ಬಿಡಿಸಿದೆವು.

ಎರಡು ನಕ್ಷೆಗಳನ್ನು ಪಕ್ಕಪಕ್ಕ ಇಟ್ಟಾಗ ನನಗೆ ನಿಜಕ್ಕೂ ಗಾಬರಿಯಾಯಿತು. ನನ್ನದರಲ್ಲಿ ನಡುಮನೆ ಉದ್ದಕ್ಕೆ, ಹಾಳೆಯ ಅರ್ಧವನ್ನು ನುಂಗಿತ್ತು. ಅಕ್ಕನದರಲ್ಲಿ ಅದು ಎರಡು ಹೆಜ್ಜೆಯ ಜಾಗ. ಅವಳ ಹಾಳೆಯಲ್ಲಿ ಮುಂದುಗಡೆ ಅಗಲವಾದ ಕಿಟಕಿಯಿತ್ತು, ಅದರ ಕಟ್ಟೆಯ ಮೇಲೆ ಕೂತು ಓದುತ್ತಿದ್ದಳಂತೆ. ನನ್ನ ಹಾಳೆಯಲ್ಲಿ ಅಲ್ಲಿ ಬರೀ ಗೋಡೆ. ಹಿಂದಿನ ಕೋಣೆಯನ್ನು ಅವಳು ಒಂದು ಚೌಕ ಮಾಡಿ ಬಿಟ್ಟಿದ್ದಳು. ನಾನು ಅದರೊಳಗೆ ಟ್ರಂಕು, ಗೂಟ, ಗೋಡೆಯ ಸುಣ್ಣ ಚಕ್ಕೆಯೆದ್ದ ಜಾಗ ಎಲ್ಲವನ್ನೂ ಗುರುತಿಸಿದ್ದೆ. ಒಂದೇ ಸೂರಿನಡಿ ಇಬ್ಬರೂ ಬೇರೆ ಬೇರೆ ಮನೆಗಳಲ್ಲಿ ಬೆಳೆದಿದ್ದೆವು.

1971ರಲ್ಲಿ ವಿಜ್ಞಾನಿ ಜಾನ್ ಓಕೀಫ್ ಮತ್ತು ಅವರ ಸಹೋದ್ಯೋಗಿ ಇಲಿಗಳ ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ವಿಶೇಷ ಜೀವಕೋಶಗಳನ್ನು ಗುರುತಿಸಿದರು. ಇಲಿ ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗಲೇ ಚುರುಕಾಗುವ ಕೋಶಗಳು ಅವು. ಓಕೀಫ್ ಅವರಿಗೆ 2014ರಲ್ಲಿ ನೊಬೆಲ್ ಬಂತು. ನಡೆದ ಘಟನೆಗಳನ್ನು ನೆನಪಾಗಿ ಕೂಡಿಡುವುದಕ್ಕೂ ಮಿದುಳಿಗೆ ಅದೇ ಭಾಗ ಬೇಕು. ಘಟನೆಯೊಂದನ್ನು ಬರೆಯಲು ಕೂತರೆ ಕರೆಯದಿದ್ದರೂ ಜಾಗ ಜೊತೆಗೆ ಬರುತ್ತದಲ್ಲ, ಅದು ನನಗೆ ಈಗ ಅಚ್ಚರಿಯಲ್ಲ. ನನ್ನನ್ನು ಕಾಡಿದ್ದು ಬೇರೆ: ಆ ಜಾಗ ಯಾರ ಅಳತೆಯಲ್ಲಿ ಬರುತ್ತದೆ?

ಅದಕ್ಕೆ ಹೊಂದುವ ಒಂದು ಸಂಗತಿ ನೆನಪಾಯಿತು. 'ಯುಲಿಸಿಸ್' ಕಾದಂಬರಿ ನಡೆಯುವುದು ಐರ್ಲೆಂಡಿನ ಡಬ್ಲಿನ್‌ನಲ್ಲಿ, 1904ರ ಒಂದೇ ದಿನ. ಜೇಮ್ಸ್ ಜಾಯ್ಸ್ ಅದನ್ನು ಬರೆದದ್ದು ಡಬ್ಲಿನ್‌ನಿಂದ ದೂರವಿದ್ದು. 1912ರ ನಂತರ ಅವರು ಆ ಊರಿಗೆ ಕಾಲಿಡಲಿಲ್ಲ. ಕಾದಂಬರಿಯಲ್ಲಿ ಕೀ ಇಲ್ಲದ ನಾಯಕ ರಾತ್ರಿ ಮನೆಯ ಮುಂದಿನ ಕಬ್ಬಿಣದ ಕಂಬಿಬೇಲಿ ದಾಟಿ ಕೆಳಗಿಳಿಯಬೇಕು. 1921ರ ನವೆಂಬರಿನಲ್ಲಿ, ಪುಸ್ತಕ ಹೊರಬರಲು ಮೂರು ತಿಂಗಳಿರುವಾಗ, ಜಾಯ್ಸ್ ಪ್ಯಾರಿಸ್‌ನಿಂದ ಡಬ್ಲಿನ್‌ನ ತಮ್ಮ ಸೋದರಮಾವನ ಹೆಂಡತಿಗೆ ಪತ್ರ ಬರೆದರು: 7, ಎಕ್ಲ್ಸ್ ಸ್ಟ್ರೀಟಿನ, ಅಂದರೆ ನಾಯಕನ ಮನೆಯ, ಬೇಲಿಯಿಂದ ಸಾಮಾನ್ಯ ಮನುಷ್ಯನೊಬ್ಬ ಜೋತುಬಿದ್ದು, ಪಾದ ನೆಲಕ್ಕೆ ಎರಡು ಮೂರಡಿ ಇರುವಾಗ ಪೆಟ್ಟಾಗದೆ ಜಿಗಿಯಬಹುದೇ? ಹಾಗೆ ಇಳಿದವನೊಬ್ಬನನ್ನು ಅವರು ಕಣ್ಣಾರೆ ಕಂಡಿದ್ದರು. ಆದರೆ ಆತ ಕಸರತ್ತಿನ ಮೈಕಟ್ಟಿನವನು. ತನ್ನ ನಾಯಕನ ಮೈಗೆ ಅದು ಸಾಧ್ಯವೇ ಎಂಬುದಷ್ಟೇ ಅವರಿಗೆ ಬೇಕಿತ್ತು.

"ನಾವೂ ಅಳೆಯೋಣ" ಎಂದೆ.

"ಎಲ್ಲಿಂದ ಅಳೀತೀಯೋ? ಮನೆಯೇ ಇಲ್ಲ."

"ಹಿಂದಿನ ಕೋಣೆಯ ಕಿಟಕಿಯ ಕೆಳಂಚು ನಿನಗೆ ಎಲ್ಲಿವರೆಗಿತ್ತು?"

ಅಕ್ಕ ಕಣ್ಣು ಮುಚ್ಚಿ ಕೈಯನ್ನು ಕುತ್ತಿಗೆಗೆ ತಂದಳು. ಈಗಿನ ಕುತ್ತಿಗೆಗಲ್ಲ, ಆಗಿನದಕ್ಕೆ. ಅವಳ ಮಗಳಿಗೂ ಈಗ 13. ಆ ವಯಸ್ಸಿನಲ್ಲಿ ತಾನೂ ಇಷ್ಟೇ ಇದ್ದೆ ಎಂದು ಅಕ್ಕ ಆಗಾಗ ಹೇಳುತ್ತಾಳೆ. ಅವಳನ್ನು ಕರೆದು ಗೋಡೆಗೆ ನಿಲ್ಲಿಸಿ, ಕುತ್ತಿಗೆಯ ಮಟ್ಟಕ್ಕೆ ಪೆನ್ಸಿಲಿನಿಂದ ಗೆರೆ ಎಳೆದೆ. "ಏನು ಮಾವ ಇದು?" ಎಂದು ಕೇಳಿದಳು. ಟೇಪು ಹಿಡಿದೆ. 4 ಅಡಿ 1 ಅಂಗುಲ. ಎಂಟು ವರ್ಷದ ನನ್ನ ಕಣ್ಣು ಅದಕ್ಕಿಂತ ಕೆಳಗಿತ್ತು. ನನ್ನ ನಾಯಕನಿಗೋ ಅದು ಎದೆಮಟ್ಟ. ಸುಮ್ಮನೆ ಹೋಗಿ ನಿಂತರೆ ಹೊರಗೆ ಎಲ್ಲವೂ ಕಾಣುತ್ತದೆ.

ಆ ರಾತ್ರಿ ಟ್ರಂಕನ್ನು ಕತೆಯಿಂದ ತೆಗೆದುಹಾಕಿದೆ. ಅವನು ಕೋಣೆಗೆ ಬಂದ, ಕಿಟಕಿಯ ಬಳಿ ನಿಂತ, ಹೊರಗೆ ನೋಡಿದ. ತಪ್ಪೇನೂ ಇರಲಿಲ್ಲ, ಆದರೆ ಓದಿದಾಗ ಎದೆಗೆ ಏನೂ ತಾಕಲಿಲ್ಲ. ಸಂಜೆಯಾದರೆ ಅಪ್ಪ ಬರುವುದು ಕಾಣಲೆಂದು ನಾನು ಆ ಟ್ರಂಕು ಹತ್ತುತ್ತಿದ್ದೆ. ಹತ್ತುವುದು, ತಗಡು ಸದ್ದು ಮಾಡುವುದು, ಕಂಬಿ ಹಿಡಿಯುವುದು, ಕಾಯುವುದೆಂದರೆ ನನಗೆ ಇಷ್ಟೂ ಸೇರಿದ್ದು. ಟ್ರಂಕಿನ ಜೊತೆಗೆ ಅದೂ ಹೋಗಿಬಿಟ್ಟಿತ್ತು.

ಟೇಪನ್ನು ಮತ್ತೆ ತೆಗೆದೆ. ಟ್ರಂಕು ಸುಮಾರು ಒಂದೂವರೆ ಅಡಿ. ಕಿಟಕಿಯ ಎತ್ತರ ಎರಡಡಿ ಎಂದು ಅಕ್ಕ ಹೇಳಿದ್ದಳು. ಲೆಕ್ಕ ಹಾಕಿದೆ. ದೊಡ್ಡವನೊಬ್ಬ ಆ ಟ್ರಂಕಿನ ಮೇಲೆ ನಿಂತರೆ ಕಣ್ಣು ಕಿಟಕಿಯ ಮೇಲಂಚನ್ನೂ ದಾಟುತ್ತದೆ. ಅವನ ಮುಖದೆದುರು ಗೋಡೆ ಮಾತ್ರ.

ಟ್ರಂಕನ್ನು ವಾಪಸು ತಂದೆ. ಎಷ್ಟೋ ವರ್ಷಗಳ ಮೇಲೆ ಆ ಕೋಣೆಗೆ ಬಂದವನು ಯೋಚಿಸದೆ ಅದನ್ನು ಎಳೆದು ಗೋಡೆಗೊತ್ತಿ ಹತ್ತುತ್ತಾನೆ. ತಗಡು ತಗ್ಗುತ್ತದೆ. ಎದುರಿಗೆ ಸುಣ್ಣದ ಗೋಡೆ. ಕ್ಷಣ ಹಾಗೇ ನಿಂತು, ಮೊಣಕಾಲು ಮಡಿಸಿ, ಕಂಬಿ ಹಿಡಿದು ಬಗ್ಗುತ್ತಾನೆ.

ಬೆಳಗ್ಗೆ ಅಕ್ಕನಿಗೆ ಫೋನಿನಲ್ಲಿ ಓದಿ ಹೇಳಿದೆ. ಆ ಕಡೆಯಿಂದ ತುಂಬ ಹೊತ್ತು ಮಾತಿರಲಿಲ್ಲ.

"ಬಗ್ಗಿದಾಗ ಅಪ್ಪ ಕಂಡ್ರಾ?" ಎಂದಳು.

"ಇನ್ನೂ ಬರೆದಿಲ್ಲ" ಎಂದೆ.