ಮಿಠಾಯಿ ಕಾಗದವನ್ನೂ ಬಿಡಲಿಲ್ಲ

ಎರಡನೇ ಮಹಾಯುದ್ಧದ ಹೊತ್ತಲ್ಲಿ ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ಪೋಲೆಂಡಿನ ವಾರ್ಸಾ ಘೆಟ್ಟೋದಲ್ಲಿ ಇತಿಹಾಸಕಾರ ಎಮಾನ್ಯುಯೆಲ್ ರಿಂಗೆಲ್‌ಬ್ಲಮ್ ಮತ್ತು ಗೆಳೆಯರು ಗುಟ್ಟಾಗಿ ಕೂಡಿಟ್ಟ ಕಾಗದಗಳ ಬಗ್ಗೆ ಓದುತ್ತಿದ್ದೆ. ಡೈರಿ, ಪತ್ರ, ರೇಷನ್ ಕಾರ್ಡು, ಟ್ರಾಮ್ ಟಿಕೆಟ್, ಮಿಠಾಯಿ ಸುತ್ತಿದ ಕಾಗದ ಕೂಡ. ಹೊಟ್ಟೆಗೆ ಹಿಟ್ಟಿಲ್ಲದ ಹೊತ್ತಲ್ಲಿ ಅದನ್ನೂ ಎತ್ತಿಟ್ಟರಲ್ಲ, ನನಗೆ ಅದೇ ಜಾಸ್ತಿ ತಟ್ಟಿತು. ಯಾವ ವರದಿಯಲ್ಲೂ ಬರದ ದಿನದ ಬದುಕು ಅದರಲ್ಲಿದೆ, ಅಲ್ವಾ?

1942ರಲ್ಲಿ ತಗಡಿನ ಪೆಟ್ಟಿಗೆಗಳಲ್ಲಿ, 1943ರಲ್ಲಿ ಹಾಲಿನ ಕ್ಯಾನ್‌ಗಳಲ್ಲಿ ತುಂಬಿ ಹೂತರು. 1946ರಲ್ಲಿ ಪೆಟ್ಟಿಗೆ ತೆರೆದಾಗ ಒಳಗೆ ನೀರು ಇಳಿದಿತ್ತು, ಹಾಳೆಗಳು ನೆನೆದು ಹೋಗಿದ್ದವು. 1950ರಲ್ಲಿ ಸಿಕ್ಕ ಕ್ಯಾನ್‌ಗಳ ಕಾಗದ ಚೆನ್ನಾಗಿಯೇ ಇತ್ತು. ರಿಂಗೆಲ್‌ಬ್ಲಮ್ ಮಾತ್ರ ಇರಲಿಲ್ಲ. 1944ರಲ್ಲೇ ಅವರನ್ನು ಹೆಂಡತಿ, ಮಗನ ಜೊತೆ ನಾಜಿಗಳು ಕೊಂದಿದ್ದರು.

ಸುಮಾರು 35 ಸಾವಿರ ಪುಟಗಳ ಆ ಸಂಗ್ರಹ ಈಗ ವಾರ್ಸಾದ ಯಹೂದಿ ಇತಿಹಾಸ ಸಂಸ್ಥೆಯಲ್ಲಿದೆ. ಆ ಕಡೆ ಹೋಗುವವರಿದ್ದರೆ ಖಂಡಿತ ನೋಡಿ ಬನ್ನಿ.