ಚಾರ್ಜ್ ಮುಗಿದ ಮಧ್ಯಾಹ್ನ

ನೀರ್ಚಾಲು, 18 ಫೆಬ್ರವರಿ 2024, ಭಾನುವಾರ

ಅಡಿಕೆ ಸುಲಿತ ಆರಂಭವಾಗಿ ಇಂದಿಗೆ ಒಂದು ವಾರ. ಸುಲಿಯುವವರ ಚಹಾ, ಊಟಗಳ ನಡುವೆ ಮೂರು ವರ್ಷದ ಮಗನನ್ನು ಅಂಗಳದ ಕತ್ತಿಗಳಿಂದ ದೂರವಿರಿಸಲು ಜಗಲಿಯಲ್ಲಿ ಕೂರಿಸಿ ಮೊಬೈಲ್ ಕೊಡುವುದು ಮೊದಲ ದಿನ ಅನಿವಾರ್ಯವೆನಿಸಿತ್ತು, ನಾಲ್ಕನೆಯ ದಿನಕ್ಕೆ ರೂಢಿಯಾಯಿತು, ಇಂದು ಬೆಳಿಗ್ಗೆ ಅವನೇ ಬಂದು ಕೈಚಾಚಿದ.

ಮಧ್ಯಾಹ್ನ ಊಟ ಮಾಡಿಸುವಾಗಲೂ ಅವನ ಕಣ್ಣು ಅದರಲ್ಲೇ ಇತ್ತು. ತುತ್ತು ತುಟಿಗೆ ತಾಗಿದೊಡನೆ ಬಾಯಿ ತೆರೆಯುತ್ತಿತ್ತು, ಅಷ್ಟೇ. ನನ್ನ ಅಜಾಗರೂಕತೆಯಿಂದ ಒಂದು ತುತ್ತಿಗೆ ಮಿಡಿ ಉಪ್ಪಿನಕಾಯಿಯ ರಸ ಸೇರಿಹೋಗಿತ್ತು. ಬೇರೆ ದಿನವಾದರೆ ಖಾರವೆಂದು ಮನೆಯೆಲ್ಲ ಓಡಾಡುವವನು ಮುಖವನ್ನೂ ಕಿವುಚದೆ ನುಂಗಿದ. "ಹೊಟ್ಟೆ ತುಂಬಿದ್ದಾದರೂ ಅವನಿಗೆ ಗೊತ್ತುಂಟಾ?" ಎಂದು ಅತ್ತೆ ಕೇಳಿದರು. ನಾನು ಉತ್ತರ ಕೊಡಲಿಲ್ಲ.

ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿರುವುದು ನನಗೆ ತಿಳಿಯದ್ದೇನಲ್ಲ. ಆದರೆ ನನ್ನನ್ನು ಕಾಡುವುದು ಗಂಟೆಗಳ ಲೆಕ್ಕಕ್ಕಿಂತ, ಅದನ್ನು ಕೊಡುವ ಗಳಿಗೆ. ಅಮೆರಿಕದ ಮಿಷಿಗನ್‌ನ ಸಂಶೋಧಕರು 3ರಿಂದ 5 ವರ್ಷದ 422 ಮಕ್ಕಳ ಕುರಿತು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರಚ್ಚೆ ನಿಲ್ಲಿಸಲೆಂದೇ ಪದೇ ಪದೇ ಮೊಬೈಲ್ ಪಡೆದ ಮಕ್ಕಳಲ್ಲಿ, ಅದರಲ್ಲೂ ಗಂಡುಮಕ್ಕಳಲ್ಲಿ, ಮುಂದಿನ ತಿಂಗಳುಗಳಲ್ಲಿ ಸಿಟ್ಟು, ಉದ್ವೇಗಗಳು ಹೆಚ್ಚಿದ್ದುದು ಕಂಡುಬಂದಿತ್ತು. ಹೆಚ್ಚು ಹಟ ಮಾಡುವ ಮಗುವಿನ ಕೈಗೇ ಹೆಚ್ಚು ಮೊಬೈಲ್ ಹೋಗುವುದೂ ಸಹಜವಾದ್ದರಿಂದ ಎಲ್ಲ ತಪ್ಪನ್ನೂ ಮೊಬೈಲಿನ ಮೇಲೆ ಹಾಕಲಾಗದು. ಆದರೂ ಅಳು ಏರಿ, ಇಳಿದು, ತಾನಾಗಿ ತಣಿಯುವುದನ್ನು ಅವನು ಕಲಿಯಬೇಕಾದ ಹೊತ್ತನ್ನೇ ನಾನು ಕಸಿದುಕೊಳ್ಳುತ್ತಿದ್ದೇನೆಯೇ ಎಂಬ ಅನುಮಾನ ನನ್ನನ್ನು ಬಿಟ್ಟಿಲ್ಲ.

ಎರಡು ಗಂಟೆಯ ಸುಮಾರಿಗೆ ಚಾರ್ಜ್ ಮುಗಿಯಿತು. ಅವನು ನೆಲಕ್ಕೆ ಬಿದ್ದು ಹೊರಳಿದ, ನೀರಿನ ಚೊಂಬನ್ನು ಒದ್ದ, ಸುಲಿಯುತ್ತಿದ್ದವರೆಲ್ಲ ಕೈ ನಿಲ್ಲಿಸಿ ನೋಡುವಷ್ಟು ಕಿರುಚಿದ. ನಾನು ಚಾರ್ಜರ್ ಹಿಡಿದು ಪ್ಲಗ್ಗಿನ ಬಳಿ ನಿಂತೇ ಇದ್ದೆ. ಸಿಕ್ಕಿಸಲಿಲ್ಲ, ಅದು ಗಟ್ಟಿ ಮನಸ್ಸಿನಿಂದಲ್ಲ, ಅತ್ತೆ ನೋಡುತ್ತಿದ್ದಾರೆಂಬ ಸಂಕೋಚದಿಂದ. (ಅವರ ಕಾಲದಲ್ಲಿ ಇದೇ ಕೆಲಸವನ್ನು ಗುಮ್ಮ ಮಾಡುತ್ತಿದ್ದ. ಹೆದರಿ ಸುಮ್ಮನಾದ ಮಗುವಿನ ಮೌನವೂ ದೊಡ್ಡವರ ಅನುಕೂಲಕ್ಕೇ ಅಲ್ಲವೇ?) ಇಪ್ಪತ್ತು ನಿಮಿಷಗಳ ಬಳಿಕ ಕಿರುಚಾಟ ಬಿಕ್ಕಳಿಕೆಯಾಯಿತು. ಅವನು ನನ್ನ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಜಗಲಿಯ ತಣ್ಣನೆಯ ನೆಲದಲ್ಲಿ ನಿದ್ದೆಹೋದ. ಸುಲಿಯುವವರ ಚಹಾ ಅರ್ಧ ಗಂಟೆ ತಡವಾಯಿತು.

ಸಂಜೆ ಬೆಂಗಳೂರಿನಿಂದ ಭಾವನವರ ವಿಡಿಯೋ ಕರೆ ಬಂತು. ಎರಡು ವರ್ಷದೊಳಗಿನವರಿಗೆ ಪರದೆಯೇ ಬೇಡವೆನ್ನುವ ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯೂ ಬಂಧುಗಳೊಂದಿಗಿನ ಇಂಥ ಮಾತುಕತೆಗೆ ವಿನಾಯಿತಿ ಕೊಟ್ಟಿದೆಯೆಂದು ನೆನೆದು, ನಿಶ್ಚಿಂತೆಯಿಂದಲೇ ಅವನ ಕೈಗಿತ್ತೆ. "ಏನು ಪುಟ್ಟಾ, ಊಟ ಆಯ್ತಾ?" ಎಂದು ದೊಡ್ಡಪ್ಪ ಕೇಳುತ್ತಿದ್ದಂತೆ ಅವನು ಒಂದು ಕ್ಷಣ ನೋಡಿ, ಅವರ ಮುಖದ ಮೇಲೆ ತೋರುಬೆರಳಿಟ್ಟು ಮೇಲಕ್ಕೆ ಸರಿಸಿದ. ಮುಖ ಹೋಗಲಿಲ್ಲ. ಮತ್ತೊಮ್ಮೆ ಸರಿಸಿದ. ಭಾವನವರು ನಕ್ಕರು.